ಕಲ್ಲಿನ ಮೇಲೆ ಬರೆಯದ ಸೋಲುಗಳು



ಮೊದಮೊದಲ ಸೋಲುಗಳು ಒಬ್ಬ ದಂಡನಾಯಕನನ್ನು, ಒಬ್ಬ ಅರಸನನ್ನು ಹೇಗೆ ರೂಪಿಸುತ್ತವೆ ಎಂಬುದು ಈ ವಿಚಾರ ಸಂಕಿರಣದ ವಿಷಯ. ಕೊಲ್ಹಾರದಲ್ಲಿ ಕುಳಿತು ಇದನ್ನು ಚರ್ಚಿಸುವವರು ದೂರದ ಉದಾಹರಣೆ ಹುಡುಕಬೇಕಿಲ್ಲ. ಇಲ್ಲಿಗೆ ಸಮೀಪದ ನರಸಲಗಿಯ 965ರ ಶಾಸನದಲ್ಲಿ ತೈಲಪರಸ ಎಂಬ ಮಹಾಸಾಮಂತನ ಹೆಸರಿದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ಅವನಿಗೆ ತರ್ದವಾಡಿ ಸಾವಿರ ಎಂಬ ನಾಡನ್ನು ಅಣುಗಜೀವಿತವಾಗಿ, ಎಂದರೆ ಉಂಬಳಿಯಾಗಿ ಕೊಟ್ಟಿದ್ದ. ಆ ನಾಡಿಗೆ ಹೆಸರು ಕೊಟ್ಟ ಊರು ಭೀಮೆಯ ದಂಡೆಯ ಇಂದಿನ ತದ್ದೇವಾಡಿ. ಈ ಸಾಮಂತನೇ 973ರಲ್ಲಿ ಕಲ್ಯಾಣ ಚಾಲುಕ್ಯರ ರಾಜ್ಯ ಕಟ್ಟಿದ ಇಮ್ಮಡಿ ತೈಲಪ.

ಅವನ ಪಾಲಿನ ಮೊದಲ ಸೋಲು ಹುಟ್ಟಿನೊಂದಿಗೇ ಬಂದದ್ದು. ಬಾದಾಮಿ ಚಾಲುಕ್ಯರ ವಂಶದವರೆಂದು ಹೇಳಿಕೊಳ್ಳುತ್ತಿದ್ದ ಮನೆತನ, ತಮ್ಮಿಂದ ರಾಜ್ಯ ಕಸಿದುಕೊಂಡ ರಾಷ್ಟ್ರಕೂಟರ ಕೈಕೆಳಗೇ ಊಳಿಗ ಮಾಡುತ್ತಿತ್ತು. 957ರ ಶಾಸನವೊಂದರಲ್ಲಿ ತೈಲಪನಿಗೆ ಹೇಳಿಕೊಳ್ಳುವಂಥ ಬಿರುದೂ ಇಲ್ಲ. ಆತ ಅವಸರಪಡಲಿಲ್ಲ. ರಾಷ್ಟ್ರಕೂಟರ ಮನೆಯ ಜಾಕಬ್ಬೆಯನ್ನು ಮದುವೆಯಾದ. 972ರ ಹೊತ್ತಿಗೆ ಮಾಳವದ ಪರಮಾರ ಸೀಯಕ ಬಂದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವನ್ನು ಸೂರೆಗೊಂಡ. ಆ ವರ್ಷವನ್ನು ಧನಪಾಲ ಕವಿ ತನ್ನ ಪ್ರಾಕೃತ ನಿಘಂಟಿನಲ್ಲಿ ದಾಖಲಿಸಿದ್ದಾನೆ. ಮರುವರ್ಷವೇ ತೈಲಪ ರಾಷ್ಟ್ರಕೂಟ ಅರಸ ಕರ್ಕನನ್ನು ಕೆಳಗಿಳಿಸಿದ.

ಗದ್ದುಗೆ ಸಿಕ್ಕ ಮೇಲೆ ನಿಜವಾದ ಪೆಟ್ಟುಗಳು ಬಿದ್ದವು. ಸೀಯಕನ ಉತ್ತರಾಧಿಕಾರಿ ಮುಂಜ ತೈಲಪನನ್ನು ಆರು ಬಾರಿ ಸೋಲಿಸಿದ ಎಂದು ಗುಜರಾತಿನ ಜೈನ ಪಂಡಿತ ಮೇರುತುಂಗ ಹೇಳುತ್ತಾನೆ. ಅವನ ‘ಪ್ರಬಂಧ ಚಿಂತಾಮಣಿ’ 14ನೆಯ ಶತಮಾನದ ಆರಂಭದ್ದು, ಘಟನೆ ನಡೆದು ಮುನ್ನೂರು ವರ್ಷಗಳಾದ ಮೇಲಿನದು. ಆರು ಎಂಬ ಲೆಕ್ಕವನ್ನು ನಾನು ಒತ್ತಿ ಹೇಳಲಾರೆ. ಆದರೆ ಪರಮಾರರ ಉದಯಪುರ ಪ್ರಶಸ್ತಿಯೂ ಮುಂಜ ಕರ್ಣಾಟರನ್ನು ಗೆದ್ದನೆಂದೇ ಕೊಂಡಾಡುತ್ತದೆ. ಹೊಗಳಿಕೆಯನ್ನೆಲ್ಲ ಸೋಸಿದರೂ ತೈಲಪ ಮತ್ತೆ ಮತ್ತೆ ಹಿಮ್ಮೆಟ್ಟಿದ ಎಂಬುದು ಉಳಿಯುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು. ಸಮರಕಂದ ಕೈಬಿಟ್ಟುಹೋದ ಸಂಕಟವನ್ನು ಬಾಬರ್ ತನ್ನ ಕೈಯಾರೆ ಬರೆದಿಟ್ಟ. ನಮ್ಮ ಅರಸರ ಶಾಸನಗಳಲ್ಲಿ ದಾನವಿದೆ, ಗೆಲುವಿದೆ, ವಂಶಾವಳಿಯಿದೆ. ಸೋತದ್ದನ್ನು ಕೆತ್ತಿಸಿದವರು ಕಾಣುವುದಿಲ್ಲ. ತೈಲಪನ ಸೋಲನ್ನು ಕಾಪಾಡಿಕೊಂಡು ಬಂದವರು ಅವನ ಹಗೆಗಳು. ಹೀಗಾಗಿ ಎದುರಾಳಿಯ ಬರಹ ಓದದೆ ನಮ್ಮ ನಾಯಕನನ್ನು ಅರಿಯಲಾಗದು ಎಂಬುದು ನನ್ನ ದೃಢವಾದ ನಂಬಿಕೆ.

ಕೊನೆಯ ಯುದ್ಧದಲ್ಲಿ ಏನಾಯಿತೆಂದು ನೋಡಿ. ಗೋದಾವರಿ ದಾಟಬೇಡಿರೆಂದು ಮಂತ್ರಿ ರುದ್ರಾದಿತ್ಯ ಬೇಡಿಕೊಂಡರೂ ಮುಂಜ ಕೇಳಲಿಲ್ಲ, ದಾಟಿ ಬಂದ, ಸೆರೆಸಿಕ್ಕ. ಹಿಂದಿನ ಗೆಲುವುಗಳು ಅವನಿಗೆ ನದಿಯನ್ನು ಸಣ್ಣದಾಗಿ ತೋರಿಸಿದ್ದವು. ತೈಲಪನ ಪಕ್ಕದಲ್ಲಿ ಆಗ ಸೇವುಣರ ಇಮ್ಮಡಿ ಭಿಲ್ಲಮನಿದ್ದ. 1000ದ ಸಂಗಮನೇರ ತಾಮ್ರಪಟ ಅವನ ಪರಾಕ್ರಮವನ್ನು ಸಾರುತ್ತದೆ. ಹಿಂದೆ ಸೋತವನು ಮಿತ್ರರನ್ನು ಕೂಡಿಸಿಕೊಂಡಿದ್ದ, ತನ್ನ ನೆಲದಲ್ಲಿ ನಿಂತು ಹೋರಾಡಿದ. ಆಸ್ಥಾನದಲ್ಲೂ ಇದೇ ಜಾಣ್ಮೆ ಕಾಣುತ್ತದೆ. ಗಂಗರು ರಾಷ್ಟ್ರಕೂಟರ ಪರವಾಗಿ ನಿಂತವರು. ಅವರ ಮಂತ್ರಿ ಚಾವುಂಡರಾಯನ ಆಶ್ರಯದಲ್ಲಿ ಬೆಳೆದ ಮುಧೋಳದ ರನ್ನ ಮುಂದೆ ತೈಲಪನ ಕವಿಯಾದ.

ಸೋಲು ಮನುಷ್ಯನನ್ನು ಮಾಗಿಸುತ್ತದೆ ಎಂದಷ್ಟೇ ಹೇಳಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಸೆರೆಯಲ್ಲಿದ್ದ ಮುಂಜನನ್ನು ಮನೆಮನೆಗೆ ಭಿಕ್ಷೆ ಎತ್ತಿಸಿ ಆಮೇಲೆ ಕೊಲ್ಲಿಸಿದರೆಂದು ಮೇರುತುಂಗ ಬರೆದಿದ್ದಾನೆ. ಕಥೆಯಲ್ಲಿ ಬಣ್ಣ ಸೇರಿರಬಹುದು. ಆದರೂ ತಾಳ್ಮೆ ಕಲಿಸಿದ ಸೋಲೇ ಸೇಡನ್ನೂ ಸಾಕಿತೇ ಎಂಬ ಪ್ರಶ್ನೆಯನ್ನು ಗೋಷ್ಠಿಗಳು ತಪ್ಪಿಸಬಾರದು.

ಶಾಸನಾಸಕ್ತ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬೇಡಿಕೆ. 965ರಿಂದ 973ರವರೆಗಿನ ಎಂಟು ವರ್ಷ ತರ್ದವಾಡಿಯ ಗಾವುಂಡರಲ್ಲಿ, ಮಹಾಜನರಲ್ಲಿ ಯಾರು ತೈಲಪನ ಬೆನ್ನಿಗೆ ನಿಂತರು? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಗುಡಿಕಟ್ಟೆಗಳಲ್ಲಿ, ಹೊಲದ ಬದುಗಳಲ್ಲಿ ಇರುವ ಆ ಕಾಲದ ಕಲ್ಲುಗಳನ್ನು ಮಾಳವದ ಬರಹಗಳ ಪಕ್ಕದಲ್ಲಿಟ್ಟು ಓದಿ.