ಬೆಳಕಿಗಾಗಿ ಕಾಯುವುದು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರವಾಸದ ಫೋಟೋಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘದವರು ಕೇಳಿಕೊಂಡಿದ್ದಾರೆ. ಫೋಟೋ ತೆಗೆಯುವುದು ಸರಿಯೇ ಎಂಬ ಬಗ್ಗೆ ನಮ್ಮ ಹಿರಿಯರಲ್ಲಿ ಭಿನ್ನ ಅಭಿಪ್ರಾಯಗಳಿವೆ. ಆ ಚರ್ಚೆಯನ್ನು ವಿದ್ವಾಂಸರಿಗೆ ಬಿಡುತ್ತೇನೆ. ಆದರೆ ನಿಮ್ಮೆಲ್ಲರ ಜೇಬಿನಲ್ಲೂ ಕ್ಯಾಮೆರಾ ಇರುವಾಗ ಅದನ್ನು ಬಳಸುವ ರೀತಿಯ ಬಗ್ಗೆ ಸುಮ್ಮನಿರುವುದೂ ಸರಿಯಲ್ಲ.

ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದ ಇಬ್ನುಲ್ ಹೈಸಮ್ ಸುಮಾರು ಸಾವಿರ ವರ್ಷಗಳ ಹಿಂದೆ 'ಕಿತಾಬುಲ್ ಮನಾಝಿರ್' ಬರೆದರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂದು ಹಲವರು ನಂಬಿದ್ದ ಕಾಲ ಅದು. ವಸ್ತುವಿನಿಂದಲೇ ಬೆಳಕು ಕಣ್ಣಿಗೆ ಬರುತ್ತದೆ ಎಂದು ಅವರು ತೋರಿಸಿಕೊಟ್ಟರು. ಕತ್ತಲೆ ಕೋಣೆಯ ರಂಧ್ರದ ಎದುರು ಹಲವು ದೀಪಗಳನ್ನಿಟ್ಟರು. ಒಳಗೆ ಪ್ರತಿ ದೀಪದ ಬೆಳಕೂ ಬೇರೆ ಬೇರೆಯಾಗಿ ಬಿತ್ತು. ಒಂದು ದೀಪವನ್ನು ಮರೆ ಮಾಡಿದರೆ ಅದರ ಬೆಳಕು ಮಾತ್ರ ಮಾಯವಾಯಿತು. ಕ್ಯಾಮೆರಾದೊಳಗೆ ನಡೆಯುವುದೂ ಇದೇ. ಬೆಳಕು ತಾನಾಗಿ ಬರುತ್ತದೆ, ನಾವು ಕಾಯಬೇಕು.

ಇದನ್ನು ಪುಸ್ತಕದಲ್ಲಿ ಓದಿದ್ದ ನಾನು ವಿಜಯಪುರಕ್ಕೆ ಹೋದಾಗ ಮರೆತೇಬಿಟ್ಟಿದ್ದೆ. ಅದು ರೀಲಿನ ಕಾಲ. 36 ಚಿತ್ರಗಳ ಒಂದೇ ರೀಲು ಒಯ್ದಿದ್ದೆ. ನಡು ಮಧ್ಯಾಹ್ನ ಗೋಲಗುಮ್ಮಟದ ಮುಂದೆ 30 ಚಿತ್ರ ಮುಗಿಸಿದೆ. ಗೆಳೆಯನನ್ನು ಕ್ಯಾಮೆರಾದ ಹತ್ತಿರ ನಿಲ್ಲಿಸಿದ್ದರಿಂದ, ಹೊರ ಅಳತೆಯಲ್ಲಿ ಸುಮಾರು 44 ಮೀಟರ್ ಅಗಲದ ಆ ಗುಮ್ಮಟ ಅವನ ಕಿವಿಯ ಪಕ್ಕ ಬೋರಲು ಹಾಕಿದ ಬಟ್ಟಲಿನಂತೆ ಬಂದಿತ್ತು. ರೀಲು ತೊಳೆದ ಸ್ಟುಡಿಯೋದವನು ಹೇಳಿದ: "ಒಂದರಲ್ಲೂ ನೆರಳೇ ಇಲ್ಲವಲ್ಲ ಸರ್!" ನೆತ್ತಿಯ ಮೇಲಿನ ಬಿಸಿಲಲ್ಲಿ ಮೂಲೆಯ ಏಳಂತಸ್ತಿನ ಗೋಪುರಗಳು ಗೋಡೆಗೆ ಅಂಟಿಸಿದ ಕಾಗದದಂತಿದ್ದವು. ಬೆಳಿಗ್ಗೆಯ ಓರೆ ಬಿಸಿಲು ಬಿದ್ದರೆ ಪ್ರತಿ ಕಮಾನಿಗೂ ಆಳ ಬರುತ್ತದೆ. ಗೆಳೆಯನನ್ನು ಗೋಡೆಯ ಬುಡದಲ್ಲಿ ನಿಲ್ಲಿಸಿದ್ದರೆ ಕಟ್ಟಡದ ಎತ್ತರ ಎಷ್ಟೆಂದು ಅವನೇ ಹೇಳುತ್ತಿದ್ದ.

ಇಬ್ರಾಹಿಂ ರೌಝಾಕ್ಕೆ ಹೋದರೆ ಗೋರಿಯ ಕೋಣೆಯ ಕಿಟಕಿಗಳನ್ನು ನೋಡಿ. ಕಲ್ಲಿನಲ್ಲಿ ಅರಬಿ ಅಕ್ಷರಗಳನ್ನು ಕೊರೆದು, ಅವುಗಳ ನಡುವಿನ ಸಂದಿನಿಂದ ಬೆಳಕು ಒಳಬರುವಂತೆ ಮಾಡಿದ್ದಾರೆ. ಮೊಬೈಲು ಕತ್ತಲೆ ಗೋಡೆಯನ್ನು ಕಂಡು ಹೆಚ್ಚು ಬೆಳಕು ಸೇರಿಸುತ್ತದೆ, ಕಿಟಕಿ ಬಿಳಿ ಚೌಕವಾಗಿ ಅಕ್ಷರಗಳು ಅಳಿಸಿಹೋಗುತ್ತವೆ. ಪರದೆಯಲ್ಲಿ ಕಿಟಕಿಯನ್ನೇ ಮುಟ್ಟಿ ಬೆಳಕು ತಗ್ಗಿಸಿ. ಗೋಡೆ ಕಪ್ಪಾಗಲಿ, ಚಿಂತೆಯಿಲ್ಲ. ಫ್ಲಾಶ್ ಮಾತ್ರ ಬೇಡವೇ ಬೇಡ.

ಈಗ ಉಳಿದ ಆರು ಚಿತ್ರಗಳ ವಿಷಯ. ಮರುದಿನ ಬೆಳಿಗ್ಗೆ ಜಾಮಿಯಾ ಮಸೀದಿಗೆ ಹೋದೆ. ಕಮಾನಿನ ಹಿಂದೆ ಕಮಾನು, ನೆಲದಲ್ಲಿ ಮುಸಲ್ಲಾಗಳಂತೆ ಗುರುತಿಸಿದ ಚೌಕಗಳ ಸಾಲು. ಅಂಗಳದ ಕಡೆಯಿಂದ ಬಿಸಿಲು ಒಳಗೆ ಹಾಸಿತ್ತು. ಅದರ ಅಂಚಿನಲ್ಲಿ ಒಬ್ಬ ವೃದ್ಧರು ಒಂಟಿಯಾಗಿ ನಮಾಝ್ ಮಾಡುತ್ತಿದ್ದರು. ನಾನು ಕೇಳಲಿಲ್ಲ, ಕ್ಲಿಕ್ಕಿಸಿದೆ. ಆ ನಿಶ್ಶಬ್ದದಲ್ಲಿ ಶಟರಿನ ಸದ್ದು ನನಗೇ ದೊಡ್ಡದಾಗಿ ಕೇಳಿತು. ಸಲಾಂ ಹೇಳಿ ಮುಗಿಸಿದ ಮೇಲೆ ಅವರು ನನ್ನನ್ನು ಹತ್ತಿರ ಕರೆದರು. "ಬೇಟಾ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ?" ಎಂದರು. ಸಿಟ್ಟೇನೂ ಇರಲಿಲ್ಲ. ನಾನು ತಲೆ ತಗ್ಗಿಸಿದೆ. ರೀಲಿನಲ್ಲಿ ಬಿದ್ದದ್ದನ್ನು ಅಳಿಸುವ ಹಾಗೂ ಇರಲಿಲ್ಲ.

ನನ್ನ 36ರಲ್ಲಿ ಆಳ, ಬೆಳಕು, ಸೌಂದರ್ಯ ಮೂರೂ ಇದ್ದದ್ದು ಆ ಒಂದೇ ಚಿತ್ರದಲ್ಲಿ. ಸ್ಪರ್ಧೆಗೆ ಕಳುಹಿಸೆಂದು ಗೆಳೆಯರು ಒತ್ತಾಯಿಸಿದರು. ಆಸೆ ನನಗೂ ಇತ್ತು, ಸುಳ್ಳೇಕೆ ಹೇಳಲಿ? ಅದರ ಪ್ರತಿ ಮಾಡಿಸಿ, ಕೊಟ್ಟು ಅನುಮತಿ ಕೇಳೋಣವೆಂದು ಮುಂದಿನ ವರ್ಷ ಮತ್ತೆ ಹೋದೆ. ಎರಡು ದಿನ ಬೆಳಿಗ್ಗೆ ಅದೇ ಕಂಬದ ಬಳಿ ಕುಳಿತೆ. ಬಿಸಿಲು ಅದೇ ಜಾಗಕ್ಕೆ ಬಂತು. ಅವರು ಬರಲಿಲ್ಲ. ಹೆಸರು ಕೇಳಿಟ್ಟುಕೊಂಡಿರಲಿಲ್ಲವಾದ್ದರಿಂದ ಯಾರಲ್ಲಿ ವಿಚಾರಿಸುವುದೆಂದೂ ತಿಳಿಯಲಿಲ್ಲ.

ಆ ಚಿತ್ರ ಇಂದಿಗೂ ಲಕೋಟೆಯಲ್ಲೇ ಇದೆ. ಇಂದು ನಿಮಗೆ ತೋರಿಸಲು ತಂದಿಲ್ಲ, ಕ್ಷಮಿಸಿ.