ಮೇಜಿನ ಆ ಬದಿಯಿಂದ ನೋಡಿದಾಗ

(ಉದ್ಯೋಗಾಕಾಂಕ್ಷಿ ಯುವಕರು ಮತ್ತು ಹೆತ್ತವರಿಗಾಗಿ ಏರ್ಪಡಿಸಿದ್ದ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಆಹ್ವಾನ ಪತ್ರಿಕೆಯಲ್ಲಿ ನಮ್ಮ ಹೆಸರಿನ ಕೆಳಗೆ ‘ಕೊಲ್ಲಿ ರಾಷ್ಟ್ರಗಳಲ್ಲಿ ಉದ್ಯೋಗ ಪಡೆಯುವುದು ಹೇಗೆ?’ ಎಂಬ ವಿಷಯವನ್ನು ಮುದ್ರಿಸಲಾಗಿದೆ. ಸಂಘಟಕರ ಅನುಮತಿ ಪಡೆದು ಈ ಪ್ರಶ್ನೆಯನ್ನು ನಾವು ತುಸು ತಿರುಗಿಸಿಕೊಳ್ಳುತ್ತೇವೆ. ಉದ್ಯೋಗ ಕೊಡುವವನು ಯಾರನ್ನು ಆರಿಸುತ್ತಾನೆ? ಯಾರನ್ನು ಬಿಟ್ಟುಬಿಡುತ್ತಾನೆ? ಏಕೆ? ಕರಾವಳಿಯ ನಮ್ಮ ಪಟ್ಟಣಗಳಲ್ಲಿ ಯಾರೂ ಕೊಲ್ಲಿಗೆ ಹೋಗದ ಮನೆಯನ್ನು ಹುಡುಕಬೇಕಾಗುತ್ತದೆ. ಆದರೂ ಸಂದರ್ಶನದ ಮೇಜಿನ ಆ ಬದಿಯಲ್ಲಿ ಕುಳಿತು ನೋಡಿದವರು ನಮ್ಮಲ್ಲಿ ತೀರಾ ಕಡಿಮೆ.

ವರದಿಗಾಗಿ ನಾವು ಒಂದು ದಿನ ಹಾಗೆ ಕುಳಿತಿದ್ದೆವು. ಕೊಲ್ಲಿಯ ಕಂಪೆನಿಯೊಂದಕ್ಕೆ ಎಲೆಕ್ಟ್ರಿಷಿಯನ್ ಮತ್ತು ಪ್ಲಂಬರ್‌ಗಳನ್ನು ಆರಿಸಲು ಬಂದಿದ್ದ ನೇಮಕಾಧಿಕಾರಿಯು ತನ್ನ ಪಕ್ಕದಲ್ಲಿ ಕುರ್ಚಿ ಹಾಕಿಸಿದ್ದರು. ಕೋಣೆಯ ಮೂಲೆಯಲ್ಲಿ ಒಂದು ಮರದ ಹಲಗೆ, ಎರಡು ಸ್ವಿಚ್, ಒಂದು ಬಲ್ಬ್, ಒಂದಷ್ಟು ವಯರು. ಮೆಟ್ಟಿಲಿನ ಕೆಳಗೂ ಮೇಲೂ ಒಂದೇ ದೀಪವನ್ನು ಉರಿಸಿ ನಂದಿಸುತ್ತೇವಲ್ಲ, ಆ ಜೋಡಣೆಯನ್ನು ಮಾಡಿ ತೋರಿಸಬೇಕಿತ್ತು. ಬಂದವರಲ್ಲಿ ಒಬ್ಬನ ಕೈಯಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನವಾಗಿಟ್ಟ ಐ.ಟಿ.ಐ. ಪ್ರಮಾಣಪತ್ರವಿತ್ತು. ಹಲಗೆಯ ಮುಂದೆ ನಿಂತಾಗ ಅವನ ಕೈ ನಡುಗಿತು, ದೀಪ ಉರಿಯಲಿಲ್ಲ. ಅವನ ನಂತರ ಬಂದವನು ಐದು ನಿಮಿಷದೊಳಗೆ ದೀಪ ಉರಿಸಿದ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟು, ಆರು ವರ್ಷ ಮಾವನ ಜೊತೆ ವಯರಿಂಗ್ ಕೆಲಸಕ್ಕೆ ಹೋದ ಹುಡುಗ ಅವನು. ಅಧಿಕಾರಿಯ ಮುಖ ಅರಳಿತು. “ನಿನ್ನ ಸರ್ಟಿಫಿಕೇಟ್ ಎಲ್ಲಿ?” ಎಂದು ಕೇಳಿದರು. “ಇಲ್ಲ ಸರ್” ಎಂದ. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆಯೂ ಅಡ್ಡಗೆರೆ ಬಿತ್ತು.

ಕಾಗದವಿದ್ದವನಿಗೆ ಕೆಲಸ ಗೊತ್ತಿಲ್ಲ, ಕೆಲಸ ಗೊತ್ತಿದ್ದವನಿಗೆ ಕಾಗದವಿಲ್ಲ. ಇಬ್ಬರೂ ಮನೆಗೆ ಹೋದರು. ಅಂದಿನ ಊಟದ ವೇಳೆಯಲ್ಲಿ ಆ ಅಧಿಕಾರಿ, ತಾನು ಹೆಚ್ಚು ನೊಂದುಕೊಳ್ಳುವುದು ಈ ಎರಡನೆಯ ಹುಡುಗರಿಗಾಗಿ ಎಂದು ನಮ್ಮೊಡನೆ ಹೇಳಿಕೊಂಡರು. ಸೌದಿ ಅರೇಬಿಯವು ಈಗ ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್ ಮುಂತಾದ ಹಲವು ಕೆಲಸಗಳಿಗೆ ಬರುವವರನ್ನು ಭಾರತದಲ್ಲಿಯೇ ಕೌಶಲ ಪರೀಕ್ಷೆಗೆ ಒಳಪಡಿಸಿ, ತೇರ್ಗಡೆಯಾದವರಿಗೆ ಮಾತ್ರ ವೀಸಾ ನೀಡುವ ವ್ಯವಸ್ಥೆಯನ್ನು ತಂದಿದೆ. ‘ಹೇಗಾದರೂ ಹೋಗಿ ಸೇರಿಕೊಳ್ಳೋಣ, ಕೆಲಸ ಅಲ್ಲಿ ಕಲಿತರಾಯಿತು’ ಎಂದು ಹಿರಿಯರು ವಿಮಾನ ಹತ್ತಿದ ಕಾಲ ಮುಗಿದಿದೆ.

ಸಹೋದರರೇ, ಇಲ್ಲಿ ನಾವು ಅರಿಯಬೇಕಾದ ಮೊದಲ ಸತ್ಯವೊಂದಿದೆ. ಉದ್ಯೋಗ ಅರಸುವವನು ತನ್ನ ಮನೆಯ ಅಗತ್ಯದಿಂದ ಯೋಚಿಸುತ್ತಾನೆ. ತಂಗಿಯ ಮದುವೆ, ತಂದೆಯ ಔಷಧಿ, ಅರ್ಧಕ್ಕೆ ನಿಂತ ಮನೆ ಅವನ ಕಣ್ಣ ಮುಂದಿರುತ್ತವೆ. ನೇಮಕ ಮಾಡುವವನಾದರೋ ಕಂಪೆನಿಯ ಅಗತ್ಯದಿಂದ ಯೋಚಿಸುತ್ತಾನೆ. ಆ ಕಂಪೆನಿಯ ಅಗತ್ಯವನ್ನು ನಿರ್ಧರಿಸುವುದು ಅಲ್ಲಿನ ಆರ್ಥಿಕತೆ ಮತ್ತು ಅಲ್ಲಿನ ಕಾನೂನು. ನಮ್ಮ ಕಷ್ಟದ ಕಥೆಗೆ ಆ ಲೆಕ್ಕದಲ್ಲಿ ಸ್ಥಾನವಿಲ್ಲ.

ಇತಿಹಾಸವನ್ನು ಒಮ್ಮೆ ಅವಲೋಕಿಸಿರಿ. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಕೊಲ್ಲಿಯಲ್ಲಿ ರಸ್ತೆ, ಬಂದರು, ನಗರಗಳ ನಿರ್ಮಾಣ ಆರಂಭವಾಯಿತು. ದುಡಿಯುವ ಕೈಗಳು ಬೇಕಾದವು. ನಮ್ಮವರು ಹೋದರು. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಲಕ್ಷಕ್ಕೂ ಅಧಿಕ ಭಾರತೀಯರು ಉಟ್ಟ ಬಟ್ಟೆಯಲ್ಲಿ ಹಿಂದಿರುಗಬೇಕಾಯಿತು. 2008-09ರ ಆರ್ಥಿಕ ಕುಸಿತದಲ್ಲಿ ದುಬೈಯ ಕಟ್ಟಡ ಕಾಮಗಾರಿಗಳು ಅರ್ಧಕ್ಕೆ ನಿಂತವು. 2014ರ ಮಧ್ಯದಲ್ಲಿ ಪೀಪಾಯಿಗೆ 100 ಡಾಲರ್‌ಗಿಂತ ಹೆಚ್ಚಿದ್ದ ತೈಲದ ಬೆಲೆಯು 2016ರ ಜನವರಿಯಲ್ಲಿ 30 ಡಾಲರ್‌ಗಿಂತ ಕೆಳಗಿಳಿಯಿತು. ಅದೇ ವರ್ಷ ಸೌದಿಯಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲದೆ ಸಾವಿರಾರು ಭಾರತೀಯ ಕಾರ್ಮಿಕರು ಶಿಬಿರಗಳಲ್ಲಿ ಸಿಲುಕಿಕೊಂಡರು. 2020ರಲ್ಲಿ ಕೊರೋನ ಬಂತು, ಆ ವರ್ಷದ ಮೇ ತಿಂಗಳಿಂದ ವಂದೇ ಭಾರತ್ ವಿಮಾನಗಳಲ್ಲಿ ಉದ್ಯೋಗ ಕಳೆದುಕೊಂಡವರು ಊರಿಗೆ ಮರಳಿದರು. ಇವರೆಲ್ಲ ಸೋಮಾರಿಗಳಾಗಿದ್ದರೇ? ಖಂಡಿತ ಅಲ್ಲ. ತೈಲದ ಬೆಲೆ ಇಳಿದಾಗ ನಿಷ್ಠಾವಂತನೂ ಕೆಲಸ ಕಳೆದುಕೊಳ್ಳುತ್ತಾನೆ. ಹೀಗೆ ಮರಳಿ ಬಂದವನನ್ನು ‘ಅವನಿಗೆ ಅಲ್ಲಿ ನಿಲ್ಲಲು ಆಗಲಿಲ್ಲ’ ಎಂದು ಮದುವೆ ಮನೆಗಳಲ್ಲಿ ಆಡಿಕೊಳ್ಳುವುದನ್ನು ನಾವು ನಿಲ್ಲಿಸಬೇಕು.

ಇನ್ನು ಕಾನೂನಿನ ವಿಚಾರ. ಸೌದಿ ಅರೇಬಿಯವು 2011ರಲ್ಲಿ ‘ನಿತಾಖಾತ್’ ಯೋಜನೆಯನ್ನು ಜಾರಿಗೆ ತಂದಿತು. ತನ್ನ ನಾಗರಿಕರನ್ನು ಎಷ್ಟು ಪ್ರಮಾಣದಲ್ಲಿ ಕೆಲಸಕ್ಕಿರಿಸಿಕೊಂಡಿದೆ ಎಂಬುದರ ಮೇಲೆ ಕಂಪೆನಿಗಳಿಗೆ ಬಣ್ಣದ ದರ್ಜೆ ನೀಡಿತು. ಕೆಂಪು ದರ್ಜೆಯ ಕಂಪೆನಿಗೆ ಹೊಸ ವೀಸಾ ಇಲ್ಲ. 2016ರಲ್ಲಿ ಮೊಬೈಲ್ ಅಂಗಡಿಗಳ ಕೆಲಸವನ್ನು ಪೂರ್ಣವಾಗಿ ಸೌದಿ ಪ್ರಜೆಗಳಿಗೆ ಮೀಸಲಿಡಲಾಯಿತು. ಅಂತಹ ಅಂಗಡಿಗಳಲ್ಲಿ ದುಡಿಯುತ್ತಿದ್ದ ನಮ್ಮ ಊರುಗಳ ಹುಡುಗರು ಈ ಸಭೆಯಲ್ಲಿಯೂ ಇರಬಹುದು. 2017ರ ಜುಲೈಯಿಂದ ಜೊತೆಗಿರುವ ಹೆಂಡತಿ ಮಕ್ಕಳ ಪೈಕಿ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಲಾಯಿತು, 2020ರ ವೇಳೆಗೆ ಅದು 400 ರಿಯಾಲ್ ಆಯಿತು. ಯು.ಎ.ಇ.ಯು 2022ರಿಂದ, 50 ಅಥವಾ ಹೆಚ್ಚು ನೌಕರರಿರುವ ಖಾಸಗಿ ಕಂಪೆನಿಗಳ ಕುಶಲ ಹುದ್ದೆಗಳಲ್ಲಿ ತನ್ನ ನಾಗರಿಕರ ಪ್ರಮಾಣವನ್ನು ವರ್ಷಕ್ಕೆ ಶೇ. 2ರಂತೆ ಏರಿಸಬೇಕೆಂದು ವಿಧಿಸಿತು. ತಮ್ಮ ಮಕ್ಕಳಿಗೆ ಉದ್ಯೋಗ ಕೊಡುವುದು ಆ ರಾಷ್ಟ್ರಗಳ ಹಕ್ಕು. ಅದರಲ್ಲಿ ನಮಗೆ ದೂರಿಲ್ಲ. ಆದರೆ ಆ ನೇಮಕಾಧಿಕಾರಿಯ ಮೇಜಿನ ಮೇಲೆ ಈ ಲೆಕ್ಕವೂ ಇರುತ್ತದೆ ಎಂಬುದನ್ನು ನಾವು ಮರೆಯಬಾರದು. ಹೊರಗಿನಿಂದ ಒಬ್ಬನನ್ನು ತರುವುದು ಕಂಪೆನಿಗೆ ದುಬಾರಿಯಾಗುತ್ತಿದೆ. ಆದ್ದರಿಂದ ಅದು ಅಲ್ಲಿ ಸಿಗದ ಕುಶಲತೆಯನ್ನಷ್ಟೇ ಇಲ್ಲಿ ಹುಡುಕುತ್ತದೆ. ಭಾರತೀಯ ರಿಸರ್ವ್ ಬ್ಯಾಂಕಿನ ಸಮೀಕ್ಷೆಗಳ ಪ್ರಕಾರ, ವಿದೇಶಗಳಿಂದ ದೇಶಕ್ಕೆ ಬರುವ ಹಣದಲ್ಲಿ ಆರು ಕೊಲ್ಲಿ ರಾಷ್ಟ್ರಗಳ ಪಾಲು 2016-17ರಲ್ಲಿ ಸುಮಾರು ಶೇ. 47 ಇದ್ದುದು 2023-24ರಲ್ಲಿ ಸುಮಾರು ಶೇ. 38ಕ್ಕೆ ಇಳಿದಿದೆ. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ಇದರಿಂದ ತಿಳಿಯುತ್ತದೆ.

ಹಾಗಾದರೆ ಆ ಅಧಿಕಾರಿ ನೋಡುವುದೇನನ್ನು? ಕೆಲಸ ಮತ್ತು ಕಾಗದದ ಬಳಿಕ ಅವರು ಪ್ರತಿಯೊಬ್ಬ ಅನುಭವಿಯಲ್ಲೂ ಕೇಳಿದ ಪ್ರಶ್ನೆ ಒಂದೇ: ‘ಹಿಂದಿನ ಕಂಪೆನಿಯನ್ನು ಹೇಗೆ ಬಿಟ್ಟೆ?’ ಏಕೆ ಬಿಟ್ಟೆ ಎಂದಲ್ಲ, ಹೇಗೆ ಬಿಟ್ಟೆ ಎಂದು. ಹೆಚ್ಚು ಸಂಬಳಕ್ಕಾಗಿ ಕೆಲಸ ಬದಲಿಸುವುದು ತಪ್ಪಲ್ಲ, ಅದನ್ನು ಅವರೂ ತಪ್ಪೆಂದು ಭಾವಿಸುವುದಿಲ್ಲ. ನೋಟಿಸ್ ಕೊಟ್ಟು, ಲೆಕ್ಕ ಚುಕ್ತಾ ಮಾಡಿಸಿ, ಅನುಭವ ಪತ್ರ ಪಡೆದು ಬಂದವನಿಗೂ ಹೇಳದೆ ಕೇಳದೆ ಕಫೀಲನನ್ನು ಬಿಟ್ಟು ಓಡಿ ‘ಹುರೂಬ್’ ಹಾಕಿಸಿಕೊಂಡವನಿಗೂ ಅಜಗಜಾಂತರವಿದೆ. ಹಿಂದೆ ಕಫೀಲನ ಒಪ್ಪಿಗೆಯಿಲ್ಲದೆ ಕದಲಲು ಸಾಧ್ಯವಿಲ್ಲದ ಕಾಲದಲ್ಲಿ ಓಡಿಹೋಗುವುದಕ್ಕೆ ಕಾರಣಗಳಿದ್ದವು. ಖತರ್ 2020ರಲ್ಲಿ ಕೆಲಸ ಬದಲಿಸಲು ಮಾಲಕನ ಒಪ್ಪಿಗೆ ಪತ್ರ ಬೇಕೆಂಬ ನಿಯಮವನ್ನು ತೆಗೆಯಿತು. ಸೌದಿಯು 2021ರ ಮಾರ್ಚ್‌ನಿಂದ, ಒಂದು ವರ್ಷ ದುಡಿದ ಕಾರ್ಮಿಕನು ನಿಯಮಾನುಸಾರ ನೋಟಿಸ್ ನೀಡಿ ಬೇರೆ ಕಂಪೆನಿಗೆ ಹೋಗಲು ದಾರಿ ಮಾಡಿತು. ಮನೆಗೆಲಸದವರು, ಮನೆಗಳ ಚಾಲಕರು ಮುಂತಾದವರು ಆ ಸುಧಾರಣೆಯಿಂದ ಹೊರಗುಳಿದರು ಎಂಬುದು ವಿಷಾದದ ಸಂಗತಿ. ಹಕ್ಕು ಇರುವವರು ಅದನ್ನು ಅರಿತು ನಡೆಯಬೇಕು.

ನಮ್ಮದೇ ಒಂದು ಅನುಭವವನ್ನು ಹೇಳಿಬಿಡುತ್ತೇವೆ. ಮಾತಿನ ನಡುವೆ ಆ ಅಧಿಕಾರಿ, ನಾವು ಏನು ಓದಿದ್ದೇವೆಂದು ಕೇಳಿದರು. ಮದ್ರಸದಲ್ಲಿ ಎಂಟು ವರ್ಷ ಅರಬಿ, ಆನಂತರ ಬಿ.ಎ. ಎಂದು ಹೆಮ್ಮೆಯಿಂದಲೇ ಹೇಳಿದೆವು. ಅರಬಿ ಬಲ್ಲ ಕಚೇರಿ ಸಹಾಯಕರು ತಮಗೆ ಬೇಕಾಗಿದ್ದಾರೆಂದು ಹೇಳಿ, ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿ, ಎರಡು ಸಾಲಿನ ಅರಬಿ ಪತ್ರವನ್ನು ಟೈಪ್ ಮಾಡಲು ಹೇಳಿದರು. ವ್ಯಾಕರಣದ ಕಠಿಣ ಗ್ರಂಥಗಳನ್ನು ಓದಿದ ನಮಗೆ ಆ ಎರಡು ಸಾಲು ಟೈಪ್ ಮಾಡಲು ಬರಲಿಲ್ಲ! ನಮ್ಮ ಗುರುಗಳು ಕಲಿಸಿದ್ದರಲ್ಲಿ ಕೊರತೆಯಿರಲಿಲ್ಲ. ಅದರ ಜೊತೆಗೆ ಮೂರು ತಿಂಗಳ ಅಭ್ಯಾಸವನ್ನು ನಾವು ಸೇರಿಸಿಕೊಂಡಿರಲಿಲ್ಲ, ಅಷ್ಟೇ. ಮದ್ರಸಗಳ ಆಡಳಿತ ಸಮಿತಿಯವರು ಇಲ್ಲಿದ್ದರೆ ಈ ಮಾತನ್ನು ದಯವಿಟ್ಟು ಟೀಕೆಯೆಂದು ಭಾವಿಸದೆ ಸಲಹೆಯೆಂದು ಸ್ವೀಕರಿಸಬೇಕು.

ಇಲ್ಲಿ ಒಬ್ಬರು ಎದ್ದು ಕೇಳಬಹುದು: ‘ನೇಮಕ ಮಾಡುವವನ ಕಣ್ಣಿನಿಂದ ನೋಡಿ ಎನ್ನುತ್ತೀರಿ, ಆ ಕಣ್ಣಿಗೇ ಪೂರ್ವಗ್ರಹವಿದ್ದರೆ?’ ನ್ಯಾಯವಾದ ಪ್ರಶ್ನೆ. ನಮ್ಮ ದೇಶದಲ್ಲಿಯೇ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಎಂಬ ವಿದ್ವಾಂಸರು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಖಾಸಗಿ ಕಂಪೆನಿಗಳ ಜಾಹೀರಾತುಗಳಿಗೆ ಸಮಾನ ವಿದ್ಯಾರ್ಹತೆಯ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಕಳುಹಿಸಲಾಯಿತು. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ಮುಸ್ಲಿಮ್ ಹೆಸರಿನ ಅರ್ಜಿಗೆ ಕರೆ ಬರುವ ಸಂಭವವು ಸುಮಾರು ಮೂರನೇ ಒಂದರಷ್ಟಿತ್ತು. ದಲಿತ ಹೆಸರಿಗೂ ಅದು ಗಣನೀಯವಾಗಿ ಕಡಿಮೆಯಿತ್ತು. ಹೆಸರು ನೋಡಿ ಅರ್ಜಿಯನ್ನು ಬದಿಗಿಡುವುದು ಅನ್ಯಾಯ. ಖಾಸಗಿ ಕ್ಷೇತ್ರದ ನೇಮಕಾತಿಯಲ್ಲಿ ತಾರತಮ್ಯವನ್ನು ತಡೆಯುವ ಬಲವಾದ ಕಾನೂನಿಗಾಗಿ ನಾವು, ದಲಿತ ಸಹೋದರರೊಂದಿಗೆ ಕೂಡಿ, ದನಿಯೆತ್ತಲೇಬೇಕು. ಆದರೆ ಅನ್ಯಾಯ ನಡೆಯುತ್ತಿದೆ ಎಂಬ ಸತ್ಯವು ಪ್ರಮಾಣಪತ್ರ ಮಾಡಿಸಿಕೊಳ್ಳದಿರಲು ನೆಪವಾಗಬಾರದು. ಆ ಹಲಗೆಯ ಮೇಲಿನ ದೀಪ ಉರಿಯದಿದ್ದುದಕ್ಕೆ ಪೂರ್ವಗ್ರಹ ಕಾರಣವಾಗಿರಲಿಲ್ಲ.

ಇನ್ನು ಅತ್ಯಂತ ನೋವಿನ ವಿಷಯಕ್ಕೆ ಬರುತ್ತೇವೆ. ಅಂದು ಸಂಜೆ ಹೊರಬಂದಾಗ ಗೇಟಿನ ಬಳಿ ಒಬ್ಬ ವ್ಯಕ್ತಿ ತಿರಸ್ಕೃತರಾದ ಹುಡುಗರನ್ನು ಸುತ್ತ ನಿಲ್ಲಿಸಿಕೊಂಡಿದ್ದ. ಒಂದೂಕಾಲು ಲಕ್ಷ ಕೊಟ್ಟರೆ ‘ಫ್ರೀ ವೀಸಾ’ ಸಿಗುತ್ತದೆ, ಹೋದ ಮೇಲೆ ಎಲ್ಲಿ ಬೇಕಾದರೂ ದುಡಿಯಬಹುದು ಎನ್ನುತ್ತಿದ್ದ. ದೀಪ ಉರಿಸಿದ ಆ ಹುಡುಗನೂ ಅಲ್ಲಿದ್ದ. ಉಮ್ಮನ ಬಳೆಗಳಿವೆ ಎಂದು ಅವನು ಹೇಳುತ್ತಿದ್ದುದು ನಮ್ಮ ಕಿವಿಗೆ ಬಿತ್ತು.

ಹೆತ್ತವರೇ, ಈ ವ್ಯತ್ಯಾಸವನ್ನು ಗಮನವಿಟ್ಟು ಕೇಳಿರಿ. ನಿಜವಾದ ನೇಮಕಾತಿಯಲ್ಲಿ ಖರ್ಚು ಕಂಪೆನಿಯದ್ದು. ಸೌದಿ ಕಾನೂನಿನಂತೆ ವೀಸಾ ಮತ್ತು ಇಕಾಮಾದ ವೆಚ್ಚವನ್ನು ಭರಿಸಬೇಕಾದವನು ಮಾಲಕ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಯು.ಎ.ಇ. ಕಾರ್ಮಿಕ ಕಾನೂನು ನೇಮಕಾತಿಯ ವೆಚ್ಚವನ್ನು ಕಾರ್ಮಿಕನಿಂದ ವಸೂಲು ಮಾಡುವುದನ್ನು ನಿಷೇಧಿಸಿದೆ. ನಮ್ಮ ದೇಶದ 1983ರ ವಲಸೆ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೆ ವಿದೇಶಕ್ಕೆ ಆಳುಗಳನ್ನು ನೇಮಿಸುವುದು ಅಪರಾಧ. ಲೈಸೆನ್ಸ್ ಇರುವ ಏಜೆಂಟರು ಕೂಡಾ ಸೇವಾ ಶುಲ್ಕವಾಗಿ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್‌.ಟಿ.ಯನ್ನು ಪಡೆಯಬಹುದು, ರಶೀದಿಯನ್ನೂ ಕೊಡಬೇಕು. ಏಜೆಂಟನ ಲೈಸೆನ್ಸ್ ನಿಜವೇ ಎಂದು ವಿದೇಶಾಂಗ ಸಚಿವಾಲಯದ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಯಾರೂ ನೋಡಿಕೊಳ್ಳಬಹುದು. ಫ್ರೀ ವೀಸಾ ಎಂಬುದು ಯಾವ ರಾಷ್ಟ್ರದ ಕಾನೂನಿನಲ್ಲಿಯೂ ಇಲ್ಲ. ಒಬ್ಬನ ಹೆಸರಿನ ವೀಸಾದಲ್ಲಿ ಹೋಗಿ ಇನ್ನೊಬ್ಬನ ಬಳಿ ದುಡಿಯುವವನು ಸಿಕ್ಕಿಬಿದ್ದರೆ ಗಡೀಪಾರು ಆಗುತ್ತಾನೆ. ವೀಸಾ ಮಾರಿದವನು ಊರಿನಲ್ಲಿಯೇ ಇರುತ್ತಾನೆ.

ಸಾಲ ಮಾಡಿ ಹೋದವನಿಗೆ ಇನ್ನೊಂದು ಸಂಕಟವಿದೆ. ಸಂಬಳ ಕೊಡದಿದ್ದರೂ, ಮಾತು ಕೊಟ್ಟ ಕೆಲಸ ಕೊಡದಿದ್ದರೂ ಅವನು ಬಾಯಿಬಿಡಲಾರ, ಮರಳಿ ಬರಲಾರ. ಅವನನ್ನು ಅಲ್ಲಿ ಕಟ್ಟಿಹಾಕುವುದು ಉಮ್ಮನ ಅಡವಿಟ್ಟ ಬಳೆಗಳು. ಲಕ್ಷಗಟ್ಟಲೆ ಕೊಟ್ಟು ವೀಸಾ ಪಡೆಯಲು ಸಿದ್ಧರಿರುವ ನಾವು, 10 ಲಕ್ಷ ರೂಪಾಯಿಗಳ ರಕ್ಷಣೆಯಿರುವ ಸರಕಾರದ ‘ಪ್ರವಾಸಿ ಭಾರತೀಯ ಬಿಮಾ ಯೋಜನೆ’ಗೆ ಕೆಲವು ನೂರು ರೂಪಾಯಿ ಕಟ್ಟಲು ಹಿಂಜರಿಯುವುದು ಎಂತಹ ವಿಪರ್ಯಾಸ!

ಪ್ರವಾದಿ ಮೂಸಾ(ಅ)ರವರು ಮದ್‌ಯನ್ ಎಂಬ ಪರನಾಡಿಗೆ ಬರಿಗೈಯಲ್ಲಿ ಬಂದ ಘಟನೆ ನಿಮಗೆಲ್ಲರಿಗೂ ತಿಳಿದಿದೆ. ಅವರನ್ನು ಕೆಲಸಕ್ಕೆ ಇರಿಸಿಕೊಳ್ಳುವಂತೆ ಶಿಫಾರಸು ಮಾಡಿದ ಹೆಣ್ಣುಮಗಳು ತನ್ನ ತಂದೆಗೆ ಎತ್ತಿ ಹೇಳಿದ್ದು ಎರಡು ಗುಣಗಳನ್ನು: ಕೆಲಸ ಮಾಡಬಲ್ಲ ಶಕ್ತಿ ಮತ್ತು ನಂಬಿಕೆ ಉಳಿಸಿಕೊಳ್ಳುವ ಪ್ರಾಮಾಣಿಕತೆ. ಆ ಬಳಿಕ ಅವಧಿ ನಿಶ್ಚಯವಾಯಿತು, ಎಂಟು ವರ್ಷ, ಇಚ್ಛಿಸಿದರೆ ಹತ್ತು. ಶಕ್ತಿ, ನಂಬಿಕೆ, ಸ್ಪಷ್ಟವಾದ ಕರಾರು. ಆ ದಿನ ಮೇಜಿನ ಬದಿಯಲ್ಲಿ ಕುಳಿತು ನಾವು ಕಂಡದ್ದೂ ಈ ಮೂರನ್ನೇ.

ಆದ್ದರಿಂದ ನಮ್ಮ ವಿನಂತಿ ಇಷ್ಟು. ಕೆಲಸ ಬಲ್ಲ, ಕಾಗದವಿಲ್ಲದ ಹುಡುಗರನ್ನು ಪ್ರತಿಯೊಂದು ಮೊಹಲ್ಲಾದಲ್ಲಿ ಪಟ್ಟಿ ಮಾಡಿರಿ. ದುಡಿದು ಕಲಿತವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ಪೂರ್ವಕಲಿಕೆಯ ಮಾನ್ಯತೆಯ ಯೋಜನೆಯನ್ನು ಕೇಂದ್ರ ಸರಕಾರವೇ ನಡೆಸುತ್ತಾ ಬಂದಿದೆ. ಅವರನ್ನು ಅಲ್ಲಿಗೆ ಕರೆದೊಯ್ಯಿರಿ. ಹತ್ತನೆಯ ತರಗತಿಯನ್ನು ಖಾಸಗಿಯಾಗಿ ಮುಗಿಸುವಂತೆ ಮಾಡಿರಿ. ಪ್ರಮಾಣಪತ್ರವಿದ್ದೂ ಕೆಲಸ ಬಾರದವರನ್ನು ಒಂದು ವರ್ಷ ಅನುಭವಿಯೊಬ್ಬನ ಜೊತೆ ಕಳುಹಿಸಿರಿ. ಕರಾರು ಪತ್ರವನ್ನು ಓದಿಸಿ ಅರ್ಥ ಮಾಡಿಕೊಳ್ಳದೆ ಸಹಿ ಹಾಕಿಸದಿರಿ. ಹೋದ ಮಗನ ಮೊದಲ ಸಂಬಳ ಬಂದೊಡನೆ ಮನೆಯ ಮಹಡಿಯ ಮಾತು ತೆಗೆಯದೆ, ಅವನು ಕೆಲಸವಿಲ್ಲದೆ ಆರು ತಿಂಗಳು ಊರಿನಲ್ಲಿ ಕೂರಬೇಕಾಗಿ ಬಂದರೆ ಮನೆ ನಡೆಯುವಷ್ಟು ಹಣವನ್ನು ಮೊದಲು ತೆಗೆದಿರಿಸಿರಿ. ತೈಲದ ಬೆಲೆ ನಮ್ಮ ಕೈಯಲ್ಲಿಲ್ಲ. ಇಷ್ಟು ನಮ್ಮ ಕೈಯಲ್ಲಿದೆ.

ಗೇಟಿನ ಬಳಿಯ ಹುಡುಗನ ಕಥೆ ಏನಾಯಿತೆಂದು ನೀವು ಕೇಳಬಹುದು. ನಾವು ಅವನನ್ನು ಕರೆದು ಚಹಾ ಕುಡಿಸಿ ಅವನ ಮನೆಯವರೆಗೂ ಹೋದೆವು. ಅವನ ಉಮ್ಮ ನಮ್ಮ ಮಾತನ್ನು ಮೌನವಾಗಿ ಕೇಳಿ, ಕೊನೆಗೆ, “ಪರೀಕ್ಷೆಗೆ ಎಷ್ಟು ಖರ್ಚಾಗುತ್ತದೆ ಮಗಾ?” ಎಂದು ಕೇಳಿದರು. ಬಳೆ ಅಡವಿಡಬೇಕಾದಷ್ಟು ಅಲ್ಲ ಎಂದೆವು. ಬಳೆಗಳು ಅವರ ಕೈಯಲ್ಲಿಯೇ ಉಳಿದವು. ಹುಡುಗ ಈಗ ಹಗಲು ವಯರಿಂಗ್ ಕೆಲಸಕ್ಕೆ ಹೋಗುತ್ತಾನೆ, ರಾತ್ರಿ ಹತ್ತನೆಯ ತರಗತಿಯ ಗಣಿತ ಓದುತ್ತಾನೆ. ಮುಂದಿನ ಸಲ ಆ ಅಧಿಕಾರಿ ಬಂದಾಗ ಅವನು ಬರಿಗೈಯಲ್ಲಿ ಹೋಗಲಾರ ಎಂಬುದು ನಮ್ಮ ನಿರೀಕ್ಷೆ. ಅಂತಹ ಹುಡುಗರು ನಿಮ್ಮ ಬೀದಿಯಲ್ಲಿಯೂ ಇದ್ದಾರೆ. ಏಜೆಂಟನು ಅವರ ಮನೆಗೆ ತಲುಪುವ ಮೊದಲು ನಾವು ತಲುಪೋಣ.