ಹರಾಜು ಪಟ್ಟಿಯ ಕೊನೆಯ ಎರಡು ಹೆಸರು

ಶಿಕಾರಿಪುರದಿಂದ ಮಾತಾಡ್ತಾ ಇದ್ದೀನಿ. ಮಧ್ಯೆ ಕರೆಂಟ್ ಹೋಗಿ ಇನ್ವರ್ಟರ್ ಸದ್ದು ಕೇಳಿಸಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಸೊರಬ ತಾಲ್ಲೂಕಿನ ಆನವಟ್ಟಿ ಕಡೆಯಿಂದ ಒಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. ಜೋಳ, ಶುಂಠಿ ಬೆಳೆಯೋರು. ಮಗನಿಗೆ 14 ವರ್ಷ, ವೇಗದ ಬೌಲಿಂಗ್ ಮಾಡ್ತಾನಂತೆ. ಕೇಳಿದ್ದು ಒಂದೇ ಪ್ರಶ್ನೆ: "ಶಿವಮೊಗ್ಗ ಲಯನ್ಸ್ ಅಂತ ನಮ್ಮ ಜಿಲ್ಲೆ ಹೆಸರಿನ ಟೀಮ್ ಐತಲ್ಲ, ಅದರಲ್ಲಿ ನಮ್ಮ ಹುಡುಗ್ರಿಗೆ ಜಾಗ ಐತಾ?" ಇವತ್ತಿನ ಎಪಿಸೋಡ್ ಪೂರ್ತಿ ಇದೇ.

ಮೊದಲು ಲೆಕ್ಕ. ನಾನು ಬಿ.ಕಾಂ. ಓದಿದವನು, ಸ್ಕೋರ್‌ಕಾರ್ಡ್‌ಗಿಂತ ಮೊದಲು ಖರ್ಚಿನ ಪಟ್ಟಿ ನೋಡೋದು ಅಭ್ಯಾಸ. ಕೆಎಸ್‌ಸಿಎ ಮಹಾರಾಜ ಟ್ರೋಫಿ ಶುರುವಾಗಿದ್ದು 2022ರಲ್ಲಿ. ಆ ವರ್ಷ ನಮ್ಮ ತಂಡದ ಹೆಸರು ಶಿವಮೊಗ್ಗ ಸ್ಟ್ರೈಕರ್ಸ್, ಮರುವರ್ಷ ಲಯನ್ಸ್ ಆಯ್ತು. 2023ರ ಹರಾಜಿನಲ್ಲಿ ಪ್ರತಿ ತಂಡದ ಕೈಯಲ್ಲಿದ್ದದ್ದು 50 ಲಕ್ಷ ರೂಪಾಯಿ. ತಂಡದಲ್ಲಿ ಕನಿಷ್ಠ 16, ಗರಿಷ್ಠ 18 ಜನ. ಲಯನ್ಸ್‌ನವರು ಅಭಿನವ್ ಮನೋಹರ್‌ಗೆ 15 ಲಕ್ಷ ಕೊಟ್ರು. ಆ ಹರಾಜಿನಲ್ಲೇ ಅತಿ ದುಬಾರಿ ಆಟಗಾರ ಅವರು. ಅಂದ್ರೆ ಶೇ. 30ರಷ್ಟು ದುಡ್ಡು ಒಬ್ಬರಿಗೇ ಹೋಯ್ತು. ಉಳಿದ 35 ಲಕ್ಷವನ್ನ 17 ಜನಕ್ಕೆ ಹಂಚಿದ್ರೆ ತಲೆಗೆ ಎರಡು ಲಕ್ಷದ ಹತ್ತಿರ. ಆದ್ರೆ ಹರಾಜು ಅನ್ನೋದು ಸರಾಸರಿಯಲ್ಲಿ ನಡೆಯಲ್ಲ. ಮೇಲಿನ ನಾಲ್ಕೈದು ಹೆಸರು ಬಹುಪಾಲು ತಿಂದು ಹಾಕುತ್ವೆ, ಕೆಳಗಿನವರು ಮೂಲ ಬೆಲೆಗೆ ಬರ್ತಾರೆ.

ಆ ಕೆಳಗಡೆಯೇ ನನಗೆ ಬೇಕಾದ ಸಂಗತಿ ಇರೋದು. ನಿಯಮದ ಪ್ರಕಾರ ಪ್ರತಿ ತಂಡದಲ್ಲೂ ತನ್ನ ವಲಯದ ಕನಿಷ್ಠ ಇಬ್ಬರು ಆಟಗಾರರು ಇರಬೇಕು. ಇದಕ್ಕೆ ಕ್ಯಾಚ್‌ಮೆಂಟ್ ಆಟಗಾರರು ಅಂತಾರೆ. ಕೆರೆಗೆ ನೀರು ಹರಿದು ಬರೋ ಜಾಗಕ್ಕೂ ಅದೇ ಪದ, ಚೆನ್ನಾಗಿದೆ ಅಲ್ವಾ? ಹದಿನೆಂಟರಲ್ಲಿ ಇಬ್ಬರು. ಆನವಟ್ಟಿಯವರೇ, ನಿಮ್ಮ ಪ್ರಶ್ನೆಗೆ ನಿಯಮಪುಸ್ತಕ ಕೊಡೋ ಉತ್ತರ ಇದು: ಜಾಗ ಇದೆ, ಎರಡು. ಅದಕ್ಕೆ ಇಡೀ ವಲಯದ ಹುಡುಗರು ಕಾಯ್ತಿದ್ದಾರೆ.

ಈಗ ಮತ್ತೆ ಅಭಿನವ್ ಮನೋಹರ್ ಕಥೆಗೆ ಬರೋಣ, ಯಾಕಂದ್ರೆ ಅದು ಗೊತ್ತಾದ್ರೆ ವ್ಯವಸ್ಥೆ ಅರ್ಥ ಆಗುತ್ತೆ. ಅವರು ಬೆಂಗಳೂರಿನವರು. ಕರ್ನಾಟಕದ ಪರ ಮೊದಲ ಟಿ20 ಆಡಿದ್ದು 2021ರ ನವೆಂಬರ್‌ನಲ್ಲಿ, ಆಗ ವಯಸ್ಸು 27. ರಾಜಧಾನಿಯಲ್ಲೇ ಇದ್ದು, ಕ್ಲಬ್ಬು, ಟರ್ಫು ಎಲ್ಲ ಕಾಲಡಿಯಲ್ಲೇ ಇದ್ದು, 27. ಮುಂದಿನ ವರ್ಷವೇ ಗುಜರಾತ್ ಟೈಟನ್ಸ್ 2.60 ಕೋಟಿ ಕೊಟ್ಟು ಕೊಂಡ್ಕೊಂಡ್ರು. 2024ರ ಮಹಾರಾಜ ಟ್ರೋಫಿಯಲ್ಲಿ ನಮ್ಮ ಲಯನ್ಸ್ ಪರ 507 ರನ್, 52 ಸಿಕ್ಸರ್. ಸಿಕ್ಸರ್‌ಗಳಿಂದಲೇ 312 ರನ್! ಅಷ್ಟಾದ್ರೂ ತಂಡ ಸೆಮಿಫೈನಲ್‌ಗೆ ಹೋಗಲಿಲ್ಲ. ನವೆಂಬರ್‌ನಲ್ಲಿ ಜಿದ್ದಾದಲ್ಲಿ ನಡೆದ ಐಪಿಎಲ್ ಹರಾಜಿನಲ್ಲಿ ಸನ್‌ರೈಸರ್ಸ್ ಹೈದರಾಬಾದ್ 3.20 ಕೋಟಿ ಕೊಟ್ಟರು. 2025ರ ರಾಜ್ಯದ ಹರಾಜಿನಲ್ಲಿ ಅವರು ಹುಬ್ಳಿ ಟೈಗರ್ಸ್ ಪಾಲಾದ್ರು, 12.20 ಲಕ್ಷಕ್ಕೆ. ಇಲ್ಲಿ ಬಸ್‌ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಲ್ಲಿ "ನಮ್ ಅಭಿನವ್" ಅಂತಿದ್ದವರು ಈಗ ಯಾರಿಗೆ ಕೈ ತಟ್ಟಬೇಕು?

ಅಮೆರಿಕದ ಬೇಸ್‌ಬಾಲ್‌ನಲ್ಲಿ ಡ್ರಾಫ್ಟ್ ಅಂತ ಒಂದಿದೆ. ಕ್ಲಬ್ಬು ಶಾಲೆ-ಕಾಲೇಜಿನ ಹುಡುಗನನ್ನ ಆರಿಸ್ಕೊಂಡು, ತನ್ನದೇ ಕೆಳಹಂತದ ತಂಡಗಳಲ್ಲಿ ವರ್ಷಗಟ್ಟಲೆ ಆಡಿಸಿ ಬೆಳೆಸುತ್ತೆ. ಅಭಿಮಾನಿಗಳು ಆ ಹುಡುಗನನ್ನ ಸಣ್ಣ ಊರಿನ ಮೈದಾನದಿಂದಲೇ ಹಿಂಬಾಲಿಸ್ತಾರೆ. ನಮ್ಮಲ್ಲಿ ಹರಾಜು. ತಂಡಕ್ಕೂ ಆಟಗಾರನಿಗೂ ಇರೋದು ಗೇಣಿ ಒಪ್ಪಂದದ ಥರದ ಸಂಬಂಧ, ಅದೂ ಒಂದೆರಡು ಬೆಳೆಗೆ. ಆಟಗಾರನಿಗೆ ಇದು ಒಳ್ಳೆಯದೇ, ಬೆಲೆ ಗೊತ್ತಾಗುತ್ತೆ. ಆದ್ರೆ ಶಿರಾಳಕೊಪ್ಪದ ಹುಡುಗನನ್ನ ನಾಲ್ಕು ವರ್ಷ ಸಾಕಿ ಬೆಳೆಸೋಕೆ ಯಾವ ಮಾಲೀಕನಿಗೂ ಕಾರಣ ಇಲ್ಲ. ಬೆಳೆದ ಮೇಲೆ ಬೇರೆ ತಂಡ ಕೂಗಿ ಕೊಂಡ್ಕೊಳ್ಳುತ್ತೆ.

ಹಾಗಾದ್ರೆ ಬೆಳೆಸೋದು ಯಾರು? ಕೆಎಸ್‌ಸಿಎ ವಲಯ. ಬೆಂಗಳೂರು ಬಿಟ್ಟರೆ ಮೈಸೂರು, ತುಮಕೂರು, ಮಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗ ಅಂತ ವಲಯಗಳು. ನೋಂದಾಯಿತ ಕ್ಲಬ್‌ಗೆ ಸೇರ್ಬೇಕು, ವಲಯದ ಲೀಗ್ ಆಡಬೇಕು, ವಯೋಮಿತಿ ತಂಡಕ್ಕೆ ಆಯ್ಕೆ ಆಗ್ಬೇಕು. ಆಮೇಲೆ ರಾಜ್ಯ: 16ರೊಳಗೆ ವಿಜಯ್ ಮರ್ಚೆಂಟ್, 19ರೊಳಗೆ ವಿನೂ ಮಂಕಡ್, ಕೂಚ್ ಬೆಹಾರ್, 23ರೊಳಗೆ ಸಿ.ಕೆ. ನಾಯುಡು. ನಾನು ನನ್ನ ನೋಟ್‌ಬುಕ್‌ನಲ್ಲಿ ಬರ್ಕೊಳ್ಳೋದು ಈ ಟೂರ್ನಿಗಳನ್ನೇ. ಮಹಾರಾಜ ಟ್ರೋಫಿ ಟಿವಿಯಲ್ಲಿ ಎಲ್ಲರೂ ನೋಡ್ತಾರೆ. ಮೂರು ವರ್ಷದ ನಂತರ ಯಾರು ಬರ್ತಾರೆ ಅನ್ನೋದು ಯಾರೂ ನೋಡದ ಅಂಡರ್-16 ಸ್ಕೋರ್‌ಕಾರ್ಡ್‌ನಲ್ಲಿ ಇರುತ್ತೆ.

ದೂರದ ಊರಿಂದ ಆಗಲ್ಲ ಅಂತಲ್ಲ. ಜಿ.ಆರ್. ವಿಶ್ವನಾಥ್ ಭದ್ರಾವತಿಯವರು, ಅದು ಹಳೇ ಕಾಲದ ಮಾತು ಅಂದ್ಕೊಳ್ಳಿ. ಸೊರಬದ ಪಕ್ಕದ ಸಾಗರದ ಭರತ್ ಚಿಪ್ಲಿ ಆರ್‌ಸಿಬಿಗೂ ಆಡಿದ್ರು, ಡೆಕ್ಕನ್ ಚಾರ್ಜರ್ಸ್‌ಗೂ ಆಡಿದ್ರು. ಈಗಿನ ಉದಾಹರಣೆ ರಾಯಚೂರಿನ ಮನೋಜ್ ಭಾಂಡಗೆ. 2023ರಲ್ಲಿ 20 ಲಕ್ಷಕ್ಕೆ ಆರ್‌ಸಿಬಿ ಸೇರಿದ್ರು. ಎರಡು ಸೀಸನ್ ಬೆಂಚು. 2024ರ ಮಹಾರಾಜ ಟ್ರೋಫಿ ಫೈನಲ್‌ನಲ್ಲಿ ಮೈಸೂರು ವಾರಿಯರ್ಸ್ ಪರ 13 ಎಸೆತಕ್ಕೆ ಔಟಾಗದೆ 44 ಹೊಡೆದ್ರು, ಕಪ್ ಬಂತು. 2025ರಲ್ಲಿ, ಆರ್‌ಸಿಬಿ ಕೊನೆಗೂ ಕಪ್ ಗೆದ್ದ ವರ್ಷ, ಪಂಜಾಬ್ ವಿರುದ್ಧ ಮೊದಲ ಐಪಿಎಲ್ ಪಂದ್ಯ ಸಿಕ್ತು. ಮಳೆ ಬಂದು ಓವರ್ ಕಡಿತ ಆದ ಪಂದ್ಯ, ಹೊಡೆದಿದ್ದು ಒಂದು ರನ್. ಮೂರು ವರ್ಷ ಕಾದಿದ್ದಕ್ಕೆ.

ನಮ್ಮ ಕಡೆಯ ನಿಜವಾದ ಸಮಸ್ಯೆ ಪ್ರತಿಭೆ ಅಲ್ಲ, ಚೆಂಡು. ನಮ್ಮ ಹುಡುಗರು ಆಡೋದು ಟೆನಿಸ್ ಬಾಲು. ಕೊಯ್ಲು ಮುಗಿದ ಗದ್ದೆ, ನೈಟ್ ಟೂರ್ನಮೆಂಟು, ಗೆದ್ರೆ ಕೈಗೆ ನಗದು. ಲೆದರ್ ಬಾಲಿಗೆ ಬಂದ್ರೆ ಪ್ಯಾಡು, ಹೆಲ್ಮೆಟ್ಟು, ಸ್ಪೈಕ್ಸು, ಎಲ್ಲ ಖರ್ಚೇ, ಆದಾಯ ಸೊನ್ನೆ. ಅದರ ಮೇಲೆ ನವುಲೆಯ ಕೆಎಸ್‌ಸಿಎ ಮೈದಾನಕ್ಕೆ ಸೊರಬದಿಂದ ಶಿರಾಳಕೊಪ್ಪ, ಶಿಕಾರಿಪುರ ದಾಟ್ಕೊಂಡು ಬಸ್ಸು. ಒಂದು ದಿನದ ಪ್ರಾಕ್ಟೀಸ್‌ಗೆ ಒಂದು ದಿನದ ಶಾಲೆ ಹೋಯ್ತು. ಅದೇ ನವುಲೆಯಲ್ಲಿ 2025ರ ಅಕ್ಟೋಬರ್‌ನಲ್ಲಿ ಗೋವಾ ವಿರುದ್ಧ ಕರುಣ್ ನಾಯರ್ ಔಟಾಗದೆ 174 ಹೊಡೆದ್ರು, ರಣಜಿ ಪಂದ್ಯ. ಒಳ್ಳೇ ಮೈದಾನ, ಒಳ್ಳೇ ಕ್ರಿಕೆಟ್ಟು. ಆದ್ರೆ ತಾಲ್ಲೂಕಿಗೊಂದು ಟರ್ಫ್ ವಿಕೆಟ್ ಇದ್ದಿದ್ರೆ ಆ ಎರಡು ಜಾಗಕ್ಕೆ ಸ್ಪರ್ಧೆ ಬೇರೆಯೇ ಇರ್ತಿತ್ತು. ಲಯನ್ಸ್ ಮಾಲೀಕರು ಆ 15 ಲಕ್ಷದಲ್ಲಿ ಸ್ವಲ್ಪ ಈ ಕಡೆ ತಿರುಗಿಸಲಿ ಅಂತ ನಾನು ಕೇಳಲ್ಲ, ಅವರದ್ದು ವ್ಯಾಪಾರ. ವಲಯದವರನ್ನ ಮಾತ್ರ ಕೇಳಲೇಬೇಕು.

ಆನವಟ್ಟಿಯವರೇ, ಈಗ ನೇರವಾಗಿ ನಿಮಗೆ. ಮಗನ ಜನನ ಪ್ರಮಾಣಪತ್ರ, ಆಧಾರ್, ಶಾಲೆ ದಾಖಲೆ, ಮೂರರಲ್ಲೂ ಒಂದೇ ತಾರೀಕು ಇದೆಯಾ ಇವತ್ತೇ ನೋಡಿ. ಅಂಡರ್-16 ಹುಡುಗರಿಗೆ ಬಿಸಿಸಿಐ ಮೂಳೆಯ ಎಕ್ಸ್‌ರೇ ತೆಗೆದು ವಯಸ್ಸು ಪರೀಕ್ಷೆ ಮಾಡುತ್ತೆ, "ಒಂದು ವರ್ಷ ಕಮ್ಮಿ ಬರೆಸಿ" ಅನ್ನೋರ ಮಾತು ಕೇಳಬೇಡಿ. ಶಿವಮೊಗ್ಗದಲ್ಲಿ ನೋಂದಾಯಿತ ಕ್ಲಬ್ ಹುಡುಕಿ. ಮೊದಲು ಬೇಸಿಗೆ ರಜೆಯ ಎರಡು ತಿಂಗಳು ಮಾತ್ರ ಕಳಿಸಿ, ಲೆದರ್ ಬಾಲಿನಲ್ಲಿ ಅವನ ವೇಗ ಉಳಿಯುತ್ತಾ ನೋಡಿ. ಶಾಲೆ ಬಿಡಿಸೋ ಮಾತು ಈಗ ಬೇಡ. ಟೆನಿಸ್ ಬಾಲ್ ಟೂರ್ನಮೆಂಟ್ ಆಡ್ಲಿ, ಆದ್ರೆ ಬೌಲಿಂಗ್ ಆಕ್ಷನ್ ಕೆಡಿಸ್ಕೊಂಡು ಚಕ್ ಮಾಡೋದು ಕಲೀದೇ ಇರ್ಲಿ.

ಅವನು ಮೊದಲ ವಲಯ ಪಂದ್ಯ ಆಡಿದ ದಿನ ಸ್ಕೋರ್‌ಶೀಟಿನ ಫೋಟೋ ನನಗೆ ಕಳಿಸಿ. ನಾಲ್ಕು ಓವರ್‌ಗೆ 40 ಕೊಟ್ಟಿದ್ರೂ ಪರವಾಗಿಲ್ಲ, ನೋಟ್‌ಬುಕ್‌ನಲ್ಲಿ ಬರ್ಕೋತೀನಿ.